ಬರೀ ನಾಲ್ಕು ಒಂಬತ್ತು ನೋಡಿದರೆ ಸಾಲದು
ಮಸೂರ, ಕನ್ನಡಿಗಳ ಗಾಜಿನ ಮೇಲೆ ನಿರ್ವಾತದಲ್ಲಿ ಆಕ್ಸೈಡನ್ನು ಆವಿಯಾಗಿಸಿ ಕೂರಿಸುವ ತೆಳು ಲೇಪನದ ಬಗ್ಗೆ ಒಂದು ಲೇಖನ ಓದಿದೆ. ಶೇ. 99.99 ಶುದ್ಧತೆಯ ಆಕ್ಸೈಡ್ ಹಾಕಿದರೆ ಲೇಪನ ತಾನಾಗಿ ಚೆನ್ನಾಗಿ ಬರುತ್ತದೆ ಎಂಬ ಅದರ ಮಾತನ್ನು ಒಪ್ಪಲಾರೆ. ಟೈಟೇನಿಯಂ ಡೈಆಕ್ಸೈಡನ್ನೇ ತೊಗೊಳ್ಳಿ. ಎಷ್ಟೇ ಶುದ್ಧವಿರಲಿ, ನಿರ್ವಾತದಲ್ಲಿ ಅದನ್ನು ಆವಿಯಾಗಿಸುವ ಎಲೆಕ್ಟ್ರಾನ್ ಕಿರಣ ಬಿದ್ದರೆ ಅದು ಆಮ್ಲಜನಕ ಬಿಟ್ಟುಕೊಡುತ್ತದೆ. ಬಿಳಿ ಗುಳಿಗೆ ಕಪ್ಪಾಗುತ್ತದೆ, ಮೂಸೆಯಿಂದ ಚಟಪಟ ಸಿಡಿದು ಗಾಜಿನ ಮೇಲೆ ಚುಕ್ಕೆ ಕೂರುತ್ತದೆ, ಪದರದ ವಕ್ರೀಭವನಾಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಒಂದೇ ಸಮ ನಿಲ್ಲುವುದಿಲ್ಲ. ಅದಕ್ಕೇ ಎಷ್ಟೋ ಕಡೆ ಮೊದಲೇ ಆಮ್ಲಜನಕ ಕಡಿಮೆಯಿರುವ ಟ್ರೈಟೈಟೇನಿಯಂ ಪೆಂಟಾಕ್ಸೈಡ್ ಹರಳು ತುಂಬುತ್ತಾರೆ. ಆಮೇಲೆ ನಿರ್ವಾತ ಕೋಣೆಯೊಳಗೆ ಚೂರುಚೂರೇ ಆಮ್ಲಜನಕ ಬಿಟ್ಟು, ಬಿಸಿ ಗಾಜಿನ ಮೇಲೆ ಪದರವನ್ನು ಮತ್ತೆ ಡೈಆಕ್ಸೈಡ್ ಆಗಿಸುತ್ತಾರೆ.

ಇನ್ನು ಲೇಪನಕ್ಕೇ ಬಳಸುವ ಹ್ಯಾಫ್ನಿಯಂ ಆಕ್ಸೈಡ್ ಕಥೆಯೇ ಬೇರೆ. ಡಬ್ಬಿಯ ಮೇಲೆ 99.9 ಎಂದು ದಪ್ಪಕ್ಷರ, ಕೆಳಗೆ ಸಣ್ಣಕ್ಷರದಲ್ಲಿ ‘ಜಿರ್ಕೋನಿಯಂ ಹೊರತುಪಡಿಸಿ’! ಅಂದರೆ ಒಳಗೆ ಬೆರೆತಿರುವ ಜಿರ್ಕೋನಿಯಂ ಆ ಲೆಕ್ಕಕ್ಕೇ ಬಂದಿಲ್ಲ. ರಾಸಾಯನಿಕವಾಗಿ ಹ್ಯಾಫ್ನಿಯಂ, ಜಿರ್ಕೋನಿಯಂ ಎರಡೂ ಅವಳಿಗಳಂತೆ, ಬೇರ್ಪಡಿಸುವುದು ದುಬಾರಿ. ಕಣ್ಣಿಗೆ ಕಾಣುವ ಬೆಳಕಿನ ಸಾಧಾರಣ ಲೇಪನಕ್ಕೆ ಹೇಗೋ ನಡೆದೀತು. ನೇರಳಾತೀತ ಲೇಸರ್ ಕನ್ನಡಿ ಮಾಡುವವರು ಮಾತ್ರ ಜಿರ್ಕೋನಿಯಂ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಎಂದು ಕೇಳಿಯೇ ದುಡ್ಡು ಕೊಡಬೇಕು. ಲೇಖನದಲ್ಲಿ ಈ ವಿಷಯ ಒಂದು ಸಾಲೂ ಇಲ್ಲ.