ಮೂರನೆಯ ಅರ್ಧ

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ‘ಒಂದು’ ಎನ್ನುವ ಮೊದಲು, ಎಣಿಸುತ್ತಿರುವ ವಸ್ತು ಯಾವ ಲಿಂಗದ್ದೆಂದು ತಿಳಿದಿರಬೇಕು. ಪುಲ್ಲಿಂಗಕ್ಕೆ ‘ಹೇಸ್’, ಸ್ತ್ರೀಲಿಂಗಕ್ಕೆ ‘ಮಿಯಾ’, ನಪುಂಸಕಕ್ಕೆ ‘ಹೆನ್’. ಒಬ್ಬ, ಒಬ್ಬಳು, ಒಂದು ಎನ್ನುವ ನಮಗೆ ಇದೇನು ಮಹಾ ಎನಿಸಬಹುದು; ಆದರೆ ಅವರಲ್ಲಿ ಮೇಜು ಹೆಣ್ಣು, ನದಿ ಗಂಡು. ಕಾವೇರಿಯನ್ನು ತಾಯಿ ಎಂದು ಕರೆದು ಬೆಳೆದವರಿಗೆ ಈ ಎರಡನೆಯದು ಸುಲಭವಾಗಿ ಜೀರ್ಣವಾಗುವುದಿಲ್ಲ. ಬೆಳಗಿನ ಹೊತ್ತು ಬಾಲ್ಕನಿಯಲ್ಲಿ ನಿಂತು ‘ಮಿಯಾ, ಮಿಯಾ’ ಎಂದು ಉರುಹೊಡೆಯುತ್ತಿದ್ದ ನನ್ನನ್ನು ಪಕ್ಕದ ಮನೆಯವರು, “ಬೆಕ್ಕು ಇನ್ನೂ ಸಿಗಲಿಲ್ಲವೇ?” ಎಂದು ಮರುಕದಿಂದ ವಿಚಾರಿಸಿದರು.

ಬೇಳೆಗೆ ಇಟ್ಟ ಕುಕ್ಕರಿನ ಕೂಗುಗಳನ್ನು ಎಣಿಸುವ ಹೊಣೆ ನನ್ನ ಮೇಲೆ ಬಿದ್ದ ದಿನವಂತೂ ವ್ಯಾಕರಣ ಅಡುಗೆಮನೆಗೇ ನುಗ್ಗಿತು. ಊದುವ ಕೊಳಲಿಗೆ ಗ್ರೀಕಿನಲ್ಲಿ ‘ಸೀರಿಂಕ್ಸ್’, ಅದು ಸ್ತ್ರೀಲಿಂಗ. ಸಿಳ್ಳಿನ ಸದ್ದಿಗೆ ‘ಸೀರಿಗ್ಮೊಸ್’, ಅದು ಪುಲ್ಲಿಂಗ. ಕೂಗಿದ್ದು ಕೊಳವೆಯೋ ಸದ್ದೋ ಎಂದು ನಾನು ತೀರ್ಮಾನಿಸುವಷ್ಟರಲ್ಲಿ ಕುಕ್ಕರು ತನ್ನ ಪಾಡಿಗೆ ಕೂಗುತ್ತಾ ಹೋಗಿ, ಬೇಳೆ ನೀರಿನಲ್ಲಿ ಲೀನವಾಯಿತು. “ಒಂದು ಅನ್ನೋದಕ್ಕೂ ಇಷ್ಟು ಯೋಚನೆ ಮಾಡ್ಬೇಕಾ?” ಎಂದು ಹೆಂಡತಿ ಕೇಳಿದಳು. ‘ಒಂದು’ ದಾಟಿದ್ದರೆ ಸಾಕಿತ್ತು ಎಂದು ಅವಳಿಗೆ ವಿವರಿಸುವ ಧೈರ್ಯ ನನಗಿರಲಿಲ್ಲ. ಎರಡಕ್ಕೆ ಲಿಂಗದ ಗೊಡವೆಯಿಲ್ಲ. ಮೂರು, ನಾಲ್ಕರಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ರೂಪ, ನಪುಂಸಕಕ್ಕೆ ಮಾತ್ರ ಬೇರೆ. ಐದರಿಂದ ಮುಂದೆ ಪೆಂತೆ, ಹೆಕ್ಸ್, ಹೆಪ್ತ, ಒಕ್ತೋ ಎಂದು ಯಾವ ವಸ್ತುವನ್ನಾದರೂ ನಿಶ್ಚಿಂತೆಯಿಂದ ಎಣಿಸಬಹುದು. ಸಂಸ್ಕೃತದ ಸಪ್ತ ಅಲ್ಲಿ ಹೆಪ್ತ ಎನಿಸಿಕೊಂಡದ್ದನ್ನು ಕಂಡು ನಾವು ನಗುವಂತಿಲ್ಲ, ಏಕೆಂದರೆ ‘ಪತ್ತು’ ಎಂಬುದನ್ನು ‘ಹತ್ತು’ ಮಾಡಿಕೊಂಡವರು ನಾವು.

ನಿಜವಾದ ಗಂಡಾಂತರ ಇರುವುದು ಅರ್ಧದ ಲೆಕ್ಕದಲ್ಲಿ. ಲಿಡಿಯಾದ ದೊರೆ ಕ್ರೀಸಸ್ ಡೆಲ್ಫಿಯ ದೇವಾಲಯಕ್ಕೆ ಕಳುಹಿಸಿದ 117 ಇಟ್ಟಿಗೆಗಳಲ್ಲಿ ನಾಲ್ಕು ಅಪರಂಜಿಯವು ಎಂದು ಬರೆಯುವ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಅವು ಒಂದೊಂದೂ ‘ಮೂರನೆಯ ಅರ್ಧ ಟ್ಯಾಲೆಂಟ್’ ತೂಗುತ್ತಿದ್ದವು ಎನ್ನುತ್ತಾನೆ. ಅಂದರೆ ಎರಡು ಪೂರ್ತಿ, ಮೂರನೆಯದು ಅರ್ಧ, ಒಟ್ಟು ಎರಡೂವರೆ. ಇದನ್ನೇ ‘ಮೂರು ಅರ್ಧ ಟ್ಯಾಲೆಂಟ್’ ಎಂದು ಓದಿಕೊಂಡರೆ ಒಂದೂವರೆ ಆಗುತ್ತದೆ. ಅಥೆನ್ಸಿನ ತೂಕದಲ್ಲಿ ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ. ಆದ್ದರಿಂದ ಓದುಗನ ಒಂದು ಆಕಳಿಕೆಗೆ ನಾಲ್ಕು ಇಟ್ಟಿಗೆಗಳಿಂದ ನೂರು ಕಿಲೋಗೂ ಮಿಕ್ಕ ಚಿನ್ನ ಮಾಯವಾಗುತ್ತದೆ.

ಈ ಸೊಗಸಾದ ಪದ್ಧತಿಯನ್ನು ನಮ್ಮ ಬೀದಿಯಲ್ಲೂ ಪರೀಕ್ಷಿಸೋಣವೆಂದು ದಿನಸಿ ಚೀಟಿಯಲ್ಲಿ ‘ಸಕ್ಕರೆ, ಮೂರನೆಯ ಅರ್ಧ ಕಿಲೋ’ ಎಂದು ಬರೆದುಕೊಟ್ಟೆ. ಅಂಗಡಿಯವರು ಚೀಟಿಯನ್ನು ಎರಡು ಸಲ ಓದಿ, ಅರ್ಧ ಕಿಲೋ ತೂಗಿ ಪೊಟ್ಟಣ ಕಟ್ಟಿ ಮುಂದಿಟ್ಟು, “ಮೊದಲಿನ ಎರಡು ಅರ್ಧದ ದುಡ್ಡು ಕೊಟ್ಟಿದ್ದೀರಾ ಸಾರ್?” ಎನ್ನುತ್ತಾ ಉದ್ರಿ ಪುಸ್ತಕ ಬಿಚ್ಚಿದರು.