ಇಪ್ಪತ್ನಾಲ್ಕರಲ್ಲಿ ಒಂದು ಕಮ್ಮಿ

ನಮ್ಮ ಶಾಲೆಯ ಗ್ರಂಥಾಲಯಕ್ಕೆ ನಾಲ್ಕು ಕಾಲು, ಎರಡು ಬಾಗಿಲು, ಒಂದು ಬೀಗ. ಹೆಡ್‌ಮೇಷ್ಟ್ರ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದೆ ನಿಂತಿದೆ. ಬಾಗಿಲು ತೆಗೆಯಬೇಕೆಂದರೆ ಮೂರು ಮೂಟೆ ಸರಿಸಬೇಕು. ಹಾಗಾಗಿ ಓದುವ ಹವ್ಯಾಸವನ್ನು ಅಕ್ಕಿ ಖಾಲಿಯಾಗುವ ತಿಂಗಳ ಕೊನೆಗೆ ಇಟ್ಟುಕೊಂಡಿದ್ದೇವೆ.

ಕಾನೂನಿನಲ್ಲಿ ನಮ್ಮದೇನೂ ತಪ್ಪಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪೇಪರು, ಪತ್ರಿಕೆ, ಕಥೆ ಪುಸ್ತಕ ಇರಬೇಕು ಅನ್ನುತ್ತದೆ. ಇರಬೇಕು ಅಂದರು, ಇವೆ. ಬೀರುವಿನಿಂದ ಹೊರಗೆ ಬರಬೇಕು ಅಂತ ಎಲ್ಲಿ ಬರೆದಿದೆ, ತೋರಿಸಿ ನೋಡೋಣ?

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಗ್ರಂಥಾಲಯಕ್ಕೆಂದೇ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನವಿದೆ. ಪುಸ್ತಕ ಬರುತ್ತದೆ. ಮೊಹರು ಬೀಳುತ್ತದೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ನಂಬರ್ ಏರುತ್ತದೆ. ಒಂದು ಕಳೆದರೂ ಚಾರ್ಜ್ ಇದ್ದವರ ತಲೆಗೆ. ಆ ತಲೆ ಸದ್ಯಕ್ಕೆ ನನ್ನದು. ವರ್ಗವಾಗಿ ಬಂದ ದಿನ ಮೊದಲು ಟೀ ಕೊಟ್ಟರು, ಆಮೇಲೆ ಬೀಗದ ಕೈ.

ಹಾಗಂತ ಮಕ್ಕಳಿಗೆ ಓದು ಕಲಿಸುತ್ತಿಲ್ಲ ಅನ್ನಬೇಡಿ. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿಕಲಿ ಪದ್ಧತಿಯಲ್ಲಿ ಅ ಆ ಇ ಈ ಇಂದ ಶುರುವಿಲ್ಲ. ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸಾಕು, ಮಗು 'ಸರ' ಓದುತ್ತದೆ, 'ಅರಸ' ಓದುತ್ತದೆ. ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಆ ಅರಸ ಆಮೇಲೆ ಏನಾದ ಅನ್ನುವುದು ಬೀರುವಿನೊಳಗಿದೆ.

ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ನೋಡಿ. ದೇಶದ ಹಳ್ಳಿಗಳ ಮೂರನೇ ಕ್ಲಾಸಿನ ನೂರು ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಸುಮಾರು 27. ಅತ್ತ 2021ರಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ, 2026-27ರ ಹೊತ್ತಿಗೆ ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅನ್ನುತ್ತದೆ. ಇವೆರಡರ ನಡುವಿನ ಹಳ್ಳವನ್ನು ಫೋಟೋ ಹಾಕಿ ತುಂಬಿಸುವ ಕೆಲಸ ನಮಗೆ ಬಿದ್ದಿದೆ.

ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಇಲಾಖೆಯ ವಾಟ್ಸಾಪ್ ಬಂತು. ಮಕ್ಕಳು ಖುಷಿಯಿಂದ ಓದುತ್ತಿರುವ ಫೋಟೋ ಎರಡು ಗಂಟೆಯೊಳಗೆ ಬೇಕು. ಜಿಪಿಎಸ್ ಸಮೇತ. ತಿಂಗಳ ಮೊದಲ ವಾರ, ಅಕ್ಕಿ ತುಂಬಿತ್ತು. ಅಡುಗೆಯವರನ್ನು ಕರೆದು ಮೂಟೆ ಸರಿಸಿದ್ದಾಯಿತು. ಇಪ್ಪತ್ನಾಲ್ಕು ಪುಸ್ತಕ ಎಣಿಸಿ ಕೊಟ್ಟೆ. ಹೊಂಗೆ ಮರದ ಕೆಳಗೆ ಸಾಲಾಗಿ ಕೂರಿಸಿದೆವು.

"ಓದೋ ಥರ ಕೂತ್ಕೊಳ್ಳಿ. ಓದ್ಬೇಡಿ. ತಲೆ ಬಗ್ಗಿಸಿದ್ರೆ ಮುಖ ಕಾಣಲ್ಲ" ಅಂದರು ಹೆಡ್‌ಮೇಷ್ಟ್ರು.

ಇಪ್ಪತ್ಮೂರು ಮಕ್ಕಳು ತಲೆ ಎತ್ತಿ ನಕ್ಕರು. ಮೂರನೇ ಕ್ಲಾಸಿನ ಒಬ್ಬಳು ಮಾತ್ರ ತಲೆ ಎತ್ತಲೇ ಇಲ್ಲ. ಅವಳಿಂದಾಗಿ ನಾಲ್ಕು ಸಲ ಕ್ಲಿಕ್ಕಿಸಬೇಕಾಯಿತು.

ವಾಪಸ್ ಎಣಿಸಿದರೆ ಇಪ್ಪತ್ಮೂರು!

ಬೆಲ್ ಹೊಡೆದರೂ ಯಾರನ್ನೂ ಮನೆಗೆ ಬಿಡಲಿಲ್ಲ. ಬ್ಯಾಗೆಲ್ಲ ಕೊಡವಿದೆವು. ಬಳಪ, ಹುಣಸೆಬೀಜ, ಅರ್ಧ ಬಾಳೆಹಣ್ಣು ಸಿಕ್ಕವು. ಕೊನೆಗೆ ಪುಸ್ತಕ ಸಿಕ್ಕಿದ್ದು ಆ ಹುಡುಗಿಯ ಊಟದ ತಟ್ಟೆಯ ಚೀಲದಲ್ಲಿ.

"ಯಾಕೆ ತಗೊಂಡೆ?"

"ಅರಸ ಬಾವೀಲಿ ಬಿದ್ದಿದ್ದ ಮಿಸ್. ಮೇಲೆ ಬಂದ್ನಾ ಅಂತ ನೋಡ್ಬೇಕಿತ್ತು."

ಸತ್ಯ ಹೇಳುತ್ತೇನೆ, ಬಂದನೋ ಇಲ್ಲವೋ ನನಗೂ ಗೊತ್ತಿಲ್ಲ. ಆ ಪುಸ್ತಕದ ನಂಬರ್ ಮಾತ್ರ ಬಾಯಿಪಾಠ.

ಇಲಾಖೆಯ ವಸ್ತು, ಸುಮ್ನೆ ಬಿಡೋಕಾಗುತ್ತಾ ಅಂತ ಹೆಡ್‌ಮೇಷ್ಟ್ರು ತಪ್ಪೊಪ್ಪಿಗೆ ಬರೆಸಿದರು. ಅವಳು ನೆಲದ ಮೇಲೆ ಕೂತು, ನಾಲಿಗೆ ಹೊರಗೆ ಹಾಕಿಕೊಂಡು, ದುಂಡಗೆ ಬರೆದಳು: "ನಾನು ಇನ್ನು ಮುಂದೆ ಕಥೆ ಪುಸ್ತಕವನ್ನು ಮುಟ್ಟುವುದಿಲ್ಲ. ಓದುವುದೂ ಇಲ್ಲ." ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಮರುದಿನ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸರ್ ಬಂದರು. ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡು ನೋಡಿ, "ಮೂರನೇ ಕ್ಲಾಸಾ? ಪರವಾಗಿಲ್ವೇ! ಕಲಿಕೆಯ ಪುರಾವೆ ಅಂತ ಇದನ್ನೇ ಹಾಕ್ಬಿಡಿ ಮೇಡಂ" ಅಂದರು.

ಹಾಕಿದೆ. ಜಿಪಿಎಸ್ ಸಮೇತ.