ಸಿನಿಮಾ ತೋರಿಸಿ, ನೀತಿ ಬರೆಸಬೇಡಿ ಮಾರಾಯ್ರೆ

ನಿನ್ನೆ ಬದಿಯಡ್ಕದ ಹತ್ತಿರ ಒಂದು ಹೈಸ್ಕೂಲಿಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ, ನಾಳೆ ಬಸ್ಸಿನಲ್ಲಿ ಅವರದೇ ಮುಖ ನೋಡಬೇಕು. ಒಂಬತ್ತನೇ ಕ್ಲಾಸಿಗೆ ಕಿರುಚಿತ್ರ ತೋರಿಸ್ತೇವೆ, ನೀವೂ ಬನ್ನಿ ಮಾಷ್ಟ್ರೇ ಅಂದಿದ್ದರು. ರಿಟೈರಾದವನಿಗೆ ಬೇರೇನು ಕೆಲಸ, ಹೋದೆ.

ಸತ್ಯಜಿತ್ ರೇ 1964ರಲ್ಲಿ ಮಾಡಿದ ‘ಟೂ’. ದೊಡ್ಡ ಮನೆಯ ಕಿಟಕಿಯಲ್ಲಿ ಒಬ್ಬ ಹುಡುಗ, ಹೊರಗೆ ಗುಡಿಸಲಿನ ಹತ್ತಿರ ಇನ್ನೊಬ್ಬ. ಗುಡಿಸಲಿನವನು ಕೊಳಲು ಊದಿದರೆ ದೊಡ್ಡ ಮನೆಯವನು ಆಟದ ತುತ್ತೂರಿ ಊದುತ್ತಾನೆ. ಇವನು ಗಾಳಿಪಟ ಹಾರಿಸಿದರೆ ಅವನು ಏರ್‌ಗನ್ನಿನಿಂದ ಹೊಡೆದು ಹರಿಯುತ್ತಾನೆ. ಒಂದು ಮಾತೂ ಇಲ್ಲ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವಿಗನ್ನಡ ಅಂತ ಒಂದೊಂದು ಬೆಂಚಿಗೆ ಒಂದೊಂದು ಭಾಷೆ ಇರುವ ನಮ್ಮ ಕಾಸರಗೋಡಿನ ಕ್ಲಾಸಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಗಾಳಿಪಟ ಬಿದ್ದಾಗ ಹಿಂದಿನ ಬೆಂಚಿನಿಂದ ಯಾರೋ ‘ಛೆ’ ಅಂದರು. ಮುಂದೆ ಕೂತ ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿದವಳು ಬಿಡಲೇ ಇಲ್ಲ.

ಅಷ್ಟರಲ್ಲಿ ಲೈಟ್ ಹಾಕಿದರು. “ಮಕ್ಕಳೇ, ಇದರ ನೀತಿ ಏನು?”

ಮುಗೀತು. ‘ಬಡವರನ್ನು ಹೀಯಾಳಿಸಬಾರದು’ ಅಂತ ಬೋರ್ಡಿಗೆ ಬಂತು. ನಲವತ್ತು ಮಕ್ಕಳು ಬರೆದುಕೊಂಡು, ಸ್ಕೇಲಿಟ್ಟು ಅಡಿಗೆರೆ ಎಳೆದರು. ಆ ಹುಡುಗಿ ಮುಚ್ಚಳವನ್ನು ಪೆನ್ನಿಗೆ ಹಾಕಿ ಒಳಗಿಟ್ಟಳು. ಅವಳ ಹೊಟ್ಟೆಯೊಳಗೆ ಏನೋ ಕದಲುತ್ತಿತ್ತಲ್ವಾ, ಅದನ್ನೂ ಬ್ಯಾಗಿಗೆ ತುಂಬಿಸಿದ ಹಾಗಾಯಿತು.

ಪೋರ್ಷನ್ ಮುಗಿಯಬೇಕಲ್ಲ, ಟೈಮೆಲ್ಲಿ ಅಂತೀರಿ. ಗೊತ್ತು ಸ್ವಾಮಿ. ಹೆಚ್ಚುಕಡಿಮೆ ಕಾಲು ಗಂಟೆಯ ಸಿನಿಮಾ ಅದು. ನೀತಿ ಬರೆಸಲು ಹಿಡಿದಷ್ಟು ಹೊತ್ತು ಸುಮ್ನೆ ಕೂತಿದ್ದರೆ ಸಾಕಿತ್ತು. ಸಾಮಾನಿಗಂತೂ ಬರಗಾಲವಿಲ್ಲ. 2018ರಲ್ಲಿ ಶುರುವಾದ ಕೈಟ್‌ನವರ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೇರಳದ ಸರ್ಕಾರಿ ಸಂಸ್ಥೆ) ಹೈಟೆಕ್ ಯೋಜನೆಯಲ್ಲಿ ಕೇರಳದ 45 ಸಾವಿರ ಕ್ಲಾಸುಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂತು. ಸುಮ್ಮನಿರುವುದನ್ನು ಮಾತ್ರ ಯಾವ ಟ್ರೈನಿಂಗಿನಲ್ಲೂ ನಮಗೆ ಕಲಿಸಲಿಲ್ಲ.

ನಮಗೆ ಅಂದೆ, ಯಾಕೆಂದರೆ ನಾನೇನೂ ಸಾಚಾ ಅಲ್ಲ. ಒಮ್ಮೆ ಕತೆ ಓದುವಾಗ ಒಬ್ಬಳು ಬಿಕ್ಕಿ ಅತ್ತಳು. ಕಣ್ಣೊರೆಸಿಕೊಂಡು ಸಾರಾಂಶ ಬರಿ ಅಂದಿದ್ದೆ. ಬರೆದಳು ಪಾಪ. ಹತ್ತಕ್ಕೆ ಎಂಟು ಕೊಟ್ಟೆ! ಈಗ ನೆನೆದರೆ ನಾಚಿಕೆ ಆಗುತ್ತದೆ.

ನಿನ್ನೆ ಹೊರಟಾಗ ಗೇಟಿನ ಹತ್ತಿರ ಆ ಹಿಂದಿನ ಬೆಂಚಿನವನು ಸಿಕ್ಕಿದ. ಬಸ್ಸಿಗೆ ಓಡುತ್ತಿದ್ದವನು ನಿಂತು ಕೇಳಿದ: “ಮಾಷ್ಟ್ರೇ, ಪಟ ಹರಿದ ಮೇಲೂ ಅವ ಪುನಃ ಕೊಳಲು ಊದಿದ್ದು ಯಾಕೆ?”

ನನಗೂ ಗೊತ್ತಿಲ್ಲ ಅಂದೆ. ಬಸ್ಸು ತಪ್ಪಿತು. ಇಬ್ಬರೂ ನಡೆದುಕೊಂಡೇ ಪೇಟೆಗೆ ಬಂದೆವು.